ತಗ್ಗಿಸಿದ ಕಾರಿನ ಹಿಂಭಾಗದ ಸದ್ದು: ಹುಡುಕುವ ಕ್ರಮ, ಕಳೆಯುವ ಬಗೆ

ಕಾರನ್ನು ತಗ್ಗಿಸುವ ಗಿಡ್ಡ ಸ್ಪ್ರಿಂಗ್ (ಲೋವರಿಂಗ್ ಸ್ಪ್ರಿಂಗ್) ಹಾಕಿಸಿದ ಮೇಲೆ ಕಾರಿನ ಹಿಂದಿನಿಂದ ಟಕ್ ಟಕ್ ಶುರುವಾದರೆ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ಶಾಕ್ ಹೋಗಿದೆ ಸರ್, ಜೋಡಿ ಹಾಕಿಬಿಡೋಣ.’ ಜೋಡಿ ಹಾಕಿಯಾಗುತ್ತದೆ, ದುಡ್ಡು ಖರ್ಚಾಗುತ್ತದೆ, ಸದ್ದು ಮಾತ್ರ ಇದ್ದಲ್ಲೇ ಇರುತ್ತದೆ. ತಗ್ಗಿಸಿದ ಕಾರಿನ ಸದ್ದಿಗೆ ಹೆಚ್ಚಿನ ಸಲ ಕಾರಣ ಕೆಟ್ಟ ಬಿಡಿಭಾಗವಲ್ಲ. ಎತ್ತರ ಬದಲಾಗಿದೆ, ಹಳೆಯ ಎತ್ತರಕ್ಕೆಂದು ಮಾಡಿದ ಭಾಗಗಳು ಹಾಗೇ ಉಳಿದಿವೆ, ಅಷ್ಟೆ. ಸ್ಪ್ರಿಂಗ್ ಗಿಡ್ಡ ಆಯಿತು, ಶಾಕ್ ಅಬ್ಸಾರ್ಬರ್ ಉದ್ದವೇ ಉಳಿಯಿತು. ಕಾರು ಕೆಳಗೆ ಕೂತಿತು, ಶಾಕ್ ಪೂರ್ತಿ ಒತ್ತಿಹೋಗದಂತೆ ತಡೆಯುವ ಬಂಪ್ ಸ್ಟಾಪ್ ಹಳೆಯ ಅಳತೆಯದ್ದೇ. ಬುಶ್‌ನ (ಕೀಲಿನೊಳಗಿನ ರಬ್ಬರ್ ತುಂಡಿನ) ಬೋಲ್ಟನ್ನು ಚಕ್ರ ಗಾಳಿಯಲ್ಲಿ ನೇತಾಡುವಾಗಲೇ ಬಿಗಿದರು.

ಇಲ್ಲಿ ಹೇಳುವುದು ನಮ್ಮಲ್ಲಿ ಹೆಚ್ಚಾಗಿ ತಗ್ಗಿಸುವ ಸ್ವಿಫ್ಟ್, ಪೋಲೋ, ಐ20, ಹೋಂಡಾ ಸಿಟಿಯಂಥ ಕಾರುಗಳ ಬಗ್ಗೆ. ಇವುಗಳ ಹಿಂದೆ ಇರುವುದು ಟಾರ್ಷನ್ ಬೀಮ್: ಎರಡೂ ಚಕ್ರಗಳನ್ನು ಸೇರಿಸುವ ಒಂದೇ ತೊಲೆ, ಅದರ ಮುಂದಿನ ತುದಿಗಳಲ್ಲಿ ಎರಡು ದೊಡ್ಡ ರಬ್ಬರ್ ಬುಶ್, ಬೀಮ್ ಮೇಲೆ ಸ್ಪ್ರಿಂಗ್, ಪಕ್ಕದಲ್ಲಿ ಬೇರೆಯಾಗಿ ಶಾಕ್. ಇಷ್ಟೇ ಇರುವುದರಿಂದ ಸದ್ದು ಬರುವ ಜಾಗಗಳೂ ಕಡಿಮೆ. ಇಂಥ ಕಾರಿಗೆ ಯಾರಾದರೂ ‘ಹಿಂದಿನ ಲಿಂಕ್ ರಾಡ್ ಹೋಗಿದೆ’ ಎಂದರೆ, ಎಲ್ಲಿದೆ ತೋರಿಸಿ ಎನ್ನಿ. ಕಾರು ತಿರುವಿನಲ್ಲಿ ವಾಲದಂತೆ ತಡೆಯುವ ಸರಳನ್ನು ಸಸ್ಪೆನ್ಷನ್ನಿಗೆ ಸೇರಿಸುವ ಆ ರಾಡು ಇಂಥ ಬಹುತೇಕ ಕಾರುಗಳಲ್ಲಿ ಇರುವುದೇ ಇಲ್ಲ.

ಮೊದಲು ಡಿಕ್ಕಿ ಖಾಲಿ ಮಾಡಿ

ನಗು ಬಂದರೂ ಪರವಾಗಿಲ್ಲ, ಇಲ್ಲಿಂದಲೇ ಶುರು ಮಾಡಬೇಕು. ಗಟ್ಟಿ ಸ್ಪ್ರಿಂಗ್ ಹಾಕಿದ ಮೇಲೆ ಬಾಡಿಗೆ ಬೀಳುವ ಪೆಟ್ಟು ಚುರುಕಾಗುತ್ತದೆ. ಮೊದಲು ಸುಮ್ಮನಿದ್ದ ವಸ್ತುಗಳೆಲ್ಲ ಮಾತಾಡತೊಡಗುತ್ತವೆ. ಜಾಕ್, ಪಾನಾ, ಎಚ್ಚರಿಕೆ ತ್ರಿಕೋನ, ಹಿಂದಿನ ಪಾರ್ಸೆಲ್ ಟ್ರೇ ಎಲ್ಲವನ್ನೂ ಹೊರಗಿಡಿ. ಸ್ಟೆಪ್ನಿಯ ನಡುವಿನ ತಿರುಪು ಬಿಗಿಯಾಗಿದೆಯೇ ನೋಡಿ. ಹಿಂದಿನ ಸೀಟಿನ ಬೆನ್ನು ಸಿಕ್ಕಿಕೊಳ್ಳುವ ಕೊಂಡಿಗೆ ಬಟ್ಟೆ ಸುತ್ತಿ. ಸೀಟ್ ಬೆಲ್ಟಿನ ಬಕಲ್‌ಗಳು ಪ್ಲಾಸ್ಟಿಕ್‌ಗೆ ತಾಗದಂತೆ ಸಿಕ್ಕಿಸಿ. ಡಿಕ್ಕಿಯ ಬಾಗಿಲನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ. ಲೊಟಲೊಟ ಎಂದರೆ ಬಾಗಿಲಿನ ಪಕ್ಕದ ರಬ್ಬರ್ ಗುಬುಟುಗಳನ್ನು ಅರ್ಧ ಸುತ್ತು ಹೊರಗೆ ತಿರುಗಿಸಿ. ನಂಬರ್ ಪ್ಲೇಟನ್ನೂ ತಟ್ಟಿ ನೋಡಿ.

ಟೈರ್ ಗಾಳಿಯನ್ನು ಚಾಲಕನ ಬಾಗಿಲ ಚೌಕಟ್ಟಿನಲ್ಲೋ ಇಂಧನ ಮುಚ್ಚಳದ ಒಳಬದಿಯಲ್ಲೋ ಅಂಟಿಸಿರುವ ಅಂಕಿಗೆ ತನ್ನಿ. ಚಕ್ರದ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ (ಬಿಗಿತ ಅಳೆಯುವ ಪಾನಾದಿಂದ) ಪರೀಕ್ಷಿಸಿ. ಪೋಲೋಗೆ 120 ನ್ಯೂಟನ್ ಮೀಟರ್, ಉಳಿದವಕ್ಕೆ ಕಾರಿನ ಕೈಪಿಡಿಯಲ್ಲಿರುವಷ್ಟು. ಈಗ ಅದೇ ರಸ್ತೆಯಲ್ಲಿ ಇನ್ನೊಮ್ಮೆ ಓಡಿಸಿ. ಸದ್ದು ಹೋಗಿದ್ದರೆ ಮುಂದೆ ಓದಬೇಕಾಗಿಲ್ಲ.

ಸದ್ದಿಗೊಂದು ಹೆಸರಿಡಿ

‘ಹಿಂದೆ ಏನೋ ಸೌಂಡ್ ಬರ್ತಿದೆ’ ಎಂದರೆ ಯಾವ ಮೆಕ್ಯಾನಿಕ್‌ಗೂ ಏನೂ ಹೊಳೆಯುವುದಿಲ್ಲ. ಸದ್ದುಗಳಿಗೆ ಕನ್ನಡದಲ್ಲಿ ಬೇಕಾದಷ್ಟು ಮಾತುಗಳಿವೆ, ಬಳಸಿಕೊಳ್ಳಿ.

ಸಣ್ಣ ಕಿತ್ತ ರಸ್ತೆಯಲ್ಲಿ 15–20 ಕಿ.ಮೀ. ವೇಗದಲ್ಲಿ ಒಂದೇ ಸಮನೆ ಟಕಟಕ ಎಂದರೆ ಶಾಕ್‌ನ ಮೇಲಿನ ಮೌಂಟ್ (ಅದು ಬಾಡಿಗೆ ಸಿಕ್ಕಿಕೊಳ್ಳುವ ಜಾಗ) ಇಲ್ಲವೇ ಕೆಳಗಿನ ಬೋಲ್ಟಿನ ಮೇಲೆ ಅನುಮಾನ. ಹಂಪ್ ಹತ್ತಿ ಇಳಿದ ಮೇಲೆ, ಚಕ್ರ ಮತ್ತೆ ನೆಲಕ್ಕೆ ಕೂರುವಾಗ ಒಂದೇ ಒಂದು ‘ಖಣ್’ ಎಂದರೆ ಸ್ಪ್ರಿಂಗ್ ಸಡಿಲ. ಹಿಂದೆ ಮೂವರು ಕೂತಾಗ ಮಾತ್ರ, ಗುಂಡಿಗೆ ಬಿದ್ದಾಗ ‘ಧಡ್’ ಎಂದು ಬೆನ್ನಿಗೇ ಬಡಿದರೆ ಬಂಪ್ ಸ್ಟಾಪ್. ನಿಂತ ಕಾರನ್ನು ಒತ್ತಿದರೂ ಹಳೇ ಮಂಚದಂತೆ ಕಿರ್ರ್ ಎಂದರೆ ಬುಶ್. ತಿರುವಿನಲ್ಲೋ ತುಂಬಿದ ಕಾರಿನಲ್ಲೋ ‘ಸರ್ರ್’ ಎಂದರೆ ಟೈರು ಎಲ್ಲೋ ಉಜ್ಜುತ್ತಿದೆ. ವೇಗದ ಜೊತೆ ಏರುವ ಗುಂಯ್‌ಗುಡುವಿಕೆ ಸಸ್ಪೆನ್ಷನ್ನಿನದ್ದಲ್ಲ, ಬೇರಿಂಗ್ ಅಥವಾ ಟೈರಿನದ್ದು.

ಅನುಮಾನ ಬಗೆಹರಿಸಿಕೊಳ್ಳಲು ಮೂರು ಸಣ್ಣ ಪರೀಕ್ಷೆಗಳಿವೆ. ಒಂದು, ಖಾಲಿ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತ, ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿಹಿಡಿದು ಒಂದೆರಡು ಹಲ್ಲಿನಷ್ಟು ಮಾತ್ರ ಎಳೆಯಿರಿ. ಆಗ ಟಕಟಕ ನಿಂತರೆ ಅದು ಬ್ರೇಕ್ ಡ್ರಮ್ಮಿನೊಳಗಿನ ಶೂ ಅಥವಾ ಅದನ್ನು ಹಿಡಿದಿಡುವ ಸಣ್ಣ ಸ್ಪ್ರಿಂಗಿನ ಸದ್ದು. ಎರಡು, ಹಂಪ್‌ನ ಅಂಚಿನಲ್ಲಿ ಎಡಚಕ್ರ ಮಾತ್ರ ಹತ್ತಿಸಿ, ಆಮೇಲೆ ಬಲಚಕ್ರ ಮಾತ್ರ. ಯಾವ ಬದಿ ಎಂಬುದು ಗೊತ್ತಾಗುತ್ತದೆ. ಮೂರು, ಗೊತ್ತಿರುವವರ ಕೈಗೆ ಸ್ಟೇರಿಂಗ್ ಕೊಟ್ಟು ನೀವು ಬೆಲ್ಟ್ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತು ಕೇಳಿ. ಡಿಕ್ಕಿಯೊಳಗೆ ಕೂತು ಕೇಳುವ ಸಾಹಸ ಬೇಡ.

ಕಾರನ್ನು ಎತ್ತುವುದು

ಸಮತಟ್ಟಾದ ಗಟ್ಟಿ ನೆಲ. ಮುಂದಿನ ಚಕ್ರಗಳ ಹಿಂದೆ ಮುಂದೆ ಕಲ್ಲು ಅಥವಾ ಮರದ ಅಡೆ, ಕಾರು ಗೇರಿನಲ್ಲಿ. ಎತ್ತುವ ಮೊದಲೇ ಒಂದು ಅಳತೆ ತೆಗೆದಿಡಿ: ಚಕ್ರದ ನಡುಬಿಂದುವಿನಿಂದ (ಹಬ್) ಅದರ ಮೇಲಿನ ಫೆಂಡರ್, ಅಂದರೆ ಚಕ್ರದ ಕಮಾನಿನ ತಗಡಿನ ಅಂಚಿನವರೆಗೆ ಎಷ್ಟು ಮಿ.ಮೀ. ಎಂದು ಎರಡೂ ಬದಿ ಬರೆದುಕೊಳ್ಳಿ. ಈ ಅಂಕಿ ಮುಂದೆ ಎರಡು ಕಡೆ ಬೇಕಾಗುತ್ತದೆ.

ಹಿಂಭಾಗ ಪೂರ್ತಿ ಎತ್ತಿ, ಎರಡು ಜಾಕ್ ಸ್ಟ್ಯಾಂಡುಗಳನ್ನು ಬಾಡಿಯ ಜಾಕ್ ಪಾಯಿಂಟಿನ ಕೆಳಗಿಡಿ. ಬೀಮ್ ಕೆಳಗಿಟ್ಟರೆ ಚಕ್ರ ನೇತಾಡುವುದಿಲ್ಲ, ಪರೀಕ್ಷೆಯೇ ಸುಳ್ಳಾಗುತ್ತದೆ. ಒಂದೇ ಬದಿ ಎತ್ತಿದರೂ ಇದೇ ತೊಂದರೆ: ನೆಲದಲ್ಲಿರುವ ಚಕ್ರ ಬೀಮ್ ಮೂಲಕ ಇನ್ನೊಂದನ್ನು ಮೇಲಕ್ಕೆ ಹಿಡಿದಿರುತ್ತದೆ. ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಕೈಯನ್ನೂ ಹಾಕಬೇಡಿ. ತಗ್ಗಿಸಿದ ಕಾರಿನ ಕೆಳಗೆ ಸಾಮಾನ್ಯ ಟ್ರಾಲಿ ಜಾಕ್ ತೂರುವುದು ಕಷ್ಟ. ಹಿಂದಿನ ಚಕ್ರಗಳನ್ನು ಒಂದಿಂಚು ದಪ್ಪದ ಹಲಗೆಯ ಮೇಲೆ ಹತ್ತಿಸಿಕೊಂಡರೆ ಜಾಗ ಸಿಗುತ್ತದೆ.

ಸ್ಪ್ರಿಂಗ್ ಕೈಗೆ ತಿರುಗುತ್ತದೆಯೇ?

ಕಾರು ಎತ್ತಿದ ಮೇಲೆ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದು. ಚಕ್ರಗಳು ಪೂರ್ತಿ ನೇತಾಡುತ್ತಿರುವಾಗ ಸ್ಪ್ರಿಂಗನ್ನು ಹಿಡಿದು ತಿರುಗಿಸಿ, ಮೇಲೆ ಕೆಳಗೆ ಅಲ್ಲಾಡಿಸಿ. ಅದು ಅಲ್ಲಾಡಬಾರದು. ಸ್ವಲ್ಪವಾದರೂ ಒತ್ತಡದಲ್ಲಿ ಕೂತಿರಬೇಕು.

ಶಾಕ್ ಪೂರ್ತಿ ಚಾಚಿದಾಗ ಬೀಮ್ ಎಷ್ಟು ಕೆಳಗಿಳಿಯಬಹುದು ಎಂಬುದನ್ನು ನಿರ್ಧರಿಸುವುದು ಶಾಕ್‌ನ ಉದ್ದ. ಉದಾಹರಣೆಗೆ, ಆಗ ಸ್ಪ್ರಿಂಗ್ ಕೂರುವ ಮೇಲಿನ ಸೀಟಿನಿಂದ ಕೆಳಗಿನ ಸೀಟಿಗೆ 270 ಮಿ.ಮೀ. ಇದೆ ಎನ್ನಿ. ಹೊಸ ಸ್ಪ್ರಿಂಗಿನ ಬಿಡುಉದ್ದ (ಒತ್ತಡವಿಲ್ಲದಾಗಿನ ಉದ್ದ) 255 ಮಿ.ಮೀ. ಮಾತ್ರ. ಉಳಿದ 15 ಮಿ.ಮೀ. ಬರೀ ಗಾಳಿ. ಹಂಪ್ ಇಳಿಯುವಾಗ ಸ್ಪ್ರಿಂಗ್ ಸೀಟಿನಿಂದ ಎದ್ದು ಮತ್ತೆ ಬಂದು ಬಡಿಯುತ್ತದೆ: ಅದೇ ಆ ‘ಖಣ್’. ಸದ್ದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಎದ್ದ ಸ್ಪ್ರಿಂಗ್ ತಿರುಗಿ, ಅದರ ತುದಿ ಸೀಟಿನ ಗುಳಿ ಬಿಟ್ಟು ಬೇರೆ ಕಡೆ ಕೂತರೆ ಕಾರು ಒಂದು ಬದಿಗೆ ವಾಲುತ್ತದೆ. ಇನ್ನೂ ಕೆಟ್ಟದ್ದೆಂದರೆ ಸ್ಪ್ರಿಂಗೇ ಜಾಗ ಬಿಟ್ಟು ಜಾರುತ್ತದೆ.

ಪರಿಹಾರ ಎರಡೇ. ಆ ಸ್ಪ್ರಿಂಗಿಗೆ ಹೊಂದುವ ಗಿಡ್ಡ ಶಾಕ್ ಹಾಕುವುದು, ಇಲ್ಲವೇ ತುದಿಯಲ್ಲಿ ಒತ್ತೊತ್ತಾದ ಮೃದು ಸುತ್ತುಗಳಿರುವ ಪ್ರೋಗ್ರೆಸಿವ್ ಸ್ಪ್ರಿಂಗ್ ಹಾಕುವುದು. ಆ ಮೃದು ಸುತ್ತುಗಳು ಬಿಚ್ಚಿಕೊಂಡು ಖಾಲಿ ಜಾಗ ತುಂಬುತ್ತವೆ. ತಂತಿಯಿಂದ ಕಟ್ಟುವುದು, ಕೇಬಲ್ ಟೈ ಬಿಗಿಯುವುದು, ನಡುವೆ ಹಳೇ ಟೈರಿನ ತುಂಡು ತುರುಕುವುದು ಪರಿಹಾರವಲ್ಲ.

ಸ್ಪ್ರಿಂಗಿನ ಮೇಲೂ ಕೆಳಗೂ ಕಂಪನಿಯಿಂದ ಬಂದ ರಬ್ಬರ್ ಸೀಟ್ ಇದೆಯೇ ನೋಡಿ. ಇನ್ನೂ ಒಂದಿಷ್ಟು ಇಳಿಯಲಿ ಎಂದು ಅದನ್ನು ತೆಗೆದು ಎಸೆಯುವವರಿದ್ದಾರೆ. ಆಗ ಕಬ್ಬಿಣಕ್ಕೆ ಕಬ್ಬಿಣ ತಾಗಿ ಟಿಣ್ ಟಿಣ್ ಎನ್ನುತ್ತದೆ, ಬಣ್ಣ ಕಿತ್ತು ತುಕ್ಕೂ ಹಿಡಿಯುತ್ತದೆ. ಸ್ಪ್ರಿಂಗಿನ ತುದಿ ರಬ್ಬರಿನಲ್ಲಿರುವ ಮೆಟ್ಟಿಲಿಗೆ ಆತು ಕೂತಿರಬೇಕು. ಒತ್ತೊತ್ತಾದ ಸುತ್ತುಗಳು ಒಂದಕ್ಕೊಂದು ಬಡಿದು ಬಣ್ಣ ಹೋಗಿದ್ದರೆ ಆ ಸುತ್ತುಗಳಿಗೆ ‘ಸ್ಪ್ರಿಂಗ್ ಸ್ಲೀವ್’ ಎಂದು ಮಾರುವ ಸೀಳಿದ ರಬ್ಬರ್ ಪೈಪು ತೊಡಿಸಿ, ಚರಚರ ನಿಲ್ಲುತ್ತದೆ.

ಕತ್ತರಿಸಿದ ಸ್ಪ್ರಿಂಗ್ ಇದ್ದರೆ? ಬದಲಿಸಿ. ಇದರಲ್ಲಿ ಚೌಕಾಸಿ ಇಲ್ಲ. ಆರು ಸುತ್ತಿನ ಸ್ಪ್ರಿಂಗಿನಲ್ಲಿ ಒಂದು ಸುತ್ತು ಕತ್ತರಿಸಿದರೆ ಅದು ಗಿಡ್ಡವಾಗುವುದರ ಜೊತೆಗೆ ಸುಮಾರು 20 ಶೇಕಡಾ ಗಟ್ಟಿಯೂ ಆಗುತ್ತದೆ, ಕಂಪನಿಯ ಶಾಕ್ ಅದನ್ನು ಹಿಡಿತದಲ್ಲಿಡಲಾರದು. ಕತ್ತರಿಸಿದ ಚೂಪು ತುದಿ ಸೀಟನ್ನು ತಿನ್ನುತ್ತದೆ. ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಕೂರಿಸಿದ ಸ್ಪ್ರಿಂಗ್ ಇನ್ನೂ ಅಪಾಯ: ಉಕ್ಕಿನ ಹದ ಹೋಗಿರುತ್ತದೆ, ದಿನ ಕಳೆದಂತೆ ಕುಸಿಯುತ್ತದೆ ಅಥವಾ ಮುರಿಯುತ್ತದೆ.

ಬಂಪ್ ಸ್ಟಾಪಿನ ಲೆಕ್ಕ

ಶಾಕ್‌ನ ರಾಡಿಗೆ ತೊಡಿಸಿದ ನೊರೆಯಂಥ ಹಳದಿ ಅಥವಾ ಕಪ್ಪು ಗುಬುಟು ಬಂಪ್ ಸ್ಟಾಪ್. ಶಾಕ್ ಪೂರ್ತಿ ಒತ್ತಿಹೋಗದಂತೆ ಕೊನೆಯಲ್ಲಿ ತಡೆಯುವುದು ಅದರ ಕೆಲಸ. ಕೆಲವು ಕಾರುಗಳಲ್ಲಿ ಅದು ಸ್ಪ್ರಿಂಗಿನ ನಡುವೆ ಬಾಡಿಗೆ ಸಿಕ್ಕಿಕೊಂಡಿರುತ್ತದೆ.

ಕಾರು ನೆಲದ ಮೇಲಿರುವಾಗ, ರಾಡಿಗೆ ಧೂಳು ತಾಗದಂತೆ ಮುಚ್ಚಿರುವ ತೊಗಲನ್ನು ಮೇಲೆತ್ತಿ, ಹೊರಗೆ ಕಾಣುವ ರಾಡಿನ ಉದ್ದ ಅಳೆಯಿರಿ. 70 ಮಿ.ಮೀ. ಇದೆ, ಬಂಪ್ ಸ್ಟಾಪ್ 60 ಮಿ.ಮೀ. ಇದೆ ಎಂದುಕೊಳ್ಳಿ. ಅಂದರೆ ನಿಮಗೆ ಉಳಿದ ಬಿಡುಗಡೆ 10 ಮಿ.ಮೀ. ಮಾತ್ರ. ಹಿಂದೆ ಇಬ್ಬರು ಕೂತರೆ ಅದೂ ಮುಗಿಯಿತು. ಆಮೇಲೆ ಕಾರು ಓಡುವುದು ಸ್ಪ್ರಿಂಗಿನ ಮೇಲಲ್ಲ, ನೊರೆಯ ಮೇಲೆ.

ಓಡುವಾಗ ಎಷ್ಟು ಒತ್ತುತ್ತಿದೆ ಎಂದು ತಿಳಿಯಲು ತೆಳು ಕೇಬಲ್ ಟೈ ಒಂದನ್ನು ರಾಡಿಗೆ, ಶಾಕ್‌ನ ದೇಹಕ್ಕೆ ತಾಗುವಂತೆ, ಕೈಯಲ್ಲಿ ಸರಿಸಿದರೆ ಸರಿಯುವಷ್ಟು ಬಿಗಿಯಾಗಿ ಕಟ್ಟಿ. ಗಂಟು ರಾಡನ್ನು ಗೀರಬಾರದು. ದಿನನಿತ್ಯದ ದಾರಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಟೈ ಮೇಲೆ ಸರಿದು ಬಂಪ್ ಸ್ಟಾಪಿನೊಳಗೇ ಹೂತುಹೋಗಿದ್ದರೆ ‘ಧಡ್’ ಯಾವುದೆಂದು ತಿಳಿಯಿತು.

ಹೊಸ ಸ್ಪ್ರಿಂಗಿನ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಬಂಪ್ ಸ್ಟಾಪ್ ಎಷ್ಟು ಕತ್ತರಿಸಬೇಕೆಂದು ಬರೆದಿದ್ದರೆ ಅಷ್ಟೇ ಕತ್ತರಿಸಿ, ಚೂಪು ಚಾಕುವಿನಿಂದ, ಅದರಲ್ಲಿರುವ ಉಂಗುರದ ಗೆರೆಗೆ ಸರಿಯಾಗಿ. ಮೊನಚಾದ ತುದಿ ಮೊದಲು ತಾಗುವ ಮೃದು ಭಾಗ. ಅದನ್ನು ಉಳಿಸಿ, ದಪ್ಪ ಕಡೆಯಿಂದ ಕತ್ತರಿಸುವುದು ಒಳ್ಳೆಯದು. ಪೂರ್ತಿ ಕಿತ್ತು ಹಾಕಿದರೆ ಶಾಕ್‌ನೊಳಗಿನ ಪಿಸ್ಟನ್ ತಳಕ್ಕೆ ಬಡಿದು ಕೆಲವೇ ತಿಂಗಳಲ್ಲಿ ಎಣ್ಣೆ ಹೊರಬರುತ್ತದೆ. ಹಳೇ ಕಾರಿನಲ್ಲಿ ಈ ನೊರೆ ಪುಡಿಪುಡಿಯಾಗಿರುವುದೂ ಉಂಟು. ಬಿಡಿಭಾಗದ ಅಂಗಡಿಯಲ್ಲಿ ಜೋಡಿ ಸಿಗುತ್ತದೆ, ಶಾಕ್‌ಗಿಂತ ತೀರಾ ಅಗ್ಗ.

ಹಂಪ್ ವಿಷಯಕ್ಕೆ ಬಂದರೆ, ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯಂತೆ ಹಂಪ್ 3.7 ಮೀಟರ್ ಅಗಲ, ನಡುವೆ 10 ಸೆ.ಮೀ. ಎತ್ತರ ಇರಬೇಕು. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಎದ್ದುನಿಲ್ಲುವ ಡಾಂಬರಿನ ದಿಬ್ಬಗಳಿಗೆ ಈ ಲೆಕ್ಕವೆಲ್ಲಿ? 170 ಮಿ.ಮೀ. ನೆಲದಂತರವಿದ್ದ ಸ್ವಿಫ್ಟನ್ನು 40 ಮಿ.ಮೀ. ಇಳಿಸಿದರೆ ಖಾಲಿ ಕಾರಿಗೆ ಉಳಿಯುವುದು 130. ಐದು ಜನ ಕೂತರೆ ನಿಯಮದ ಹಂಪೇ ಹೊಟ್ಟೆ ಸವರಬಹುದು. ಹಿಂದೆ ಬಂದ ‘ಧಡ್’ ಬಂಪ್ ಸ್ಟಾಪಿನದ್ದೋ, ಸೈಲೆನ್ಸರ್ ನೆಲಕ್ಕೆ ಬಡಿದದ್ದೋ ಎಂದು ಕೆಳಗೆ ಬಾಗಿ ಗೀರು ನೋಡಿದರೆ ತಿಳಿಯುತ್ತದೆ.

ಈಗ ಶಾಕ್

ಮೇಲಿನ ಮೌಂಟಿನ ನಟ್ ಕೆಲವು ಕಾರಲ್ಲಿ ಡಿಕ್ಕಿಯ ಪಕ್ಕದ ಪ್ಲಾಸ್ಟಿಕ್ ತೆಗೆದರೆ ಸಿಗುತ್ತದೆ, ಕೆಲವಲ್ಲಿ ಚಕ್ರದ ಗೂಡಿನೊಳಗಿಂದ. ಒಬ್ಬರು ಹಿಂದಿನ ಬಂಪರನ್ನು ಒತ್ತಿ ಬಿಡುತ್ತಿರಲಿ, ನೀವು ಮೌಂಟಿನ ಮೇಲೆ ಬೆರಳಿಡಿ. ಬೆರಳಿಗೆ ಟಕ್ ತಾಗಿದರೆ ಅಲ್ಲೇ ಇದೆ ಕಾಯಿಲೆ. ಕಾರಣ ಹೆಚ್ಚಿನ ಸಲ ಮೂರರಲ್ಲಿ ಒಂದು: ನಟ್ ಸಡಿಲ, ರಬ್ಬರಿನ ಮೇಲೆ ಕೆಳಗೆ ಇರಬೇಕಾದ ಬಟ್ಟಲಿನಾಕಾರದ ವಾಷರ್ ತಲೆಕೆಳಗಾಗಿದೆ ಅಥವಾ ಹಾಕಿಯೇ ಇಲ್ಲ, ಬೇರೆ ಕಂಪನಿಯ ಶಾಕ್‌ನ ರಾಡು ತುಸು ತೆಳುವಾಗಿದ್ದು ಹಳೇ ರಬ್ಬರಿನ ತೂತು ದೊಡ್ಡದಾಗಿದೆ. ಕೊನೆಯದನ್ನು ನಟ್ ಎಷ್ಟು ಬಿಗಿದರೂ ಸರಿಪಡಿಸಲಾಗದು. ಆ ಶಾಕ್ ಜೊತೆ ಬಂದ ಸಣ್ಣ ಕೊಳವೆ (ಸ್ಲೀವ್) ಹಾಕಲೇಬೇಕು.

ಈ ನಟ್‌ಗೆ ಗಾಳಿಯ ಗನ್ ಹಿಡಿಯಬಾರದು. ರಾಡು ಒಳಗೇ ಗಿರ್ರನೆ ತಿರುಗಿ ಸೀಲ್ ಹಾಳಾಗುತ್ತದೆ. ತಿರುಗದಂತೆ ರಾಡನ್ನು ಇಕ್ಕಳದಿಂದ ಹಿಡಿಯುವುದೂ ತಪ್ಪು, ಆ ಗಾಯ ಸೀಲನ್ನು ಕುಯ್ಯುತ್ತದೆ. ರಾಡಿನ ತುದಿಯಲ್ಲಿ ಅಲೆನ್ ಕೀ ತೂತು ಇಲ್ಲವೇ ಚಪ್ಪಟೆ ಬದಿ ಇರುತ್ತದೆ, ಅಲ್ಲಿ ಹಿಡಿದು ಕೈಪಾನಾದಿಂದ ಬಿಗಿಯಿರಿ. ತೆಗೆದ ನೈಲಾನ್ ಲಾಕ್ ನಟ್ ಮತ್ತೆ ಹಾಕಬೇಡಿ.

ಶಾಕ್ ನಿಜಕ್ಕೂ ಹೋಗಿದೆಯೇ ಎಂದು ತಿಳಿಯಲು ಕೆಳಗಿನ ಬೋಲ್ಟ್ ಬಿಚ್ಚಿ, ಕೈಯಲ್ಲಿ ಪೂರ್ತಿ ಒತ್ತಿ, ಪೂರ್ತಿ ಎಳೆಯಿರಿ. ಉದ್ದಕ್ಕೂ ಒಂದೇ ಸಮನಾದ ತಡೆ ಇರಬೇಕು. ದಿಕ್ಕು ಬದಲಿಸುವಾಗ ಒಂದೆರಡು ಸೆ.ಮೀ. ಪೊಳ್ಳಾಗಿ ಜಾರಿದರೆ ಹೋಗಿದೆ. ಒಳಗೆ ಗ್ಯಾಸ್ ಇರುವ ಶಾಕ್ ಒತ್ತಿ ಬಿಟ್ಟರೆ ತಾನಾಗಿ ನಿಧಾನ ಚಾಚಿಕೊಳ್ಳಬೇಕು. ದೇಹದ ಮೇಲ್ಭಾಗದಲ್ಲಿ ತೆಳು ಎಣ್ಣೆ ಮಂಜು ಇದ್ದರೆ ಗಾಬರಿ ಬೇಡ. ಒರೆಸಿದ ಮರುದಿನವೇ ಒದ್ದೆಯಾಗಿ ಧೂಳು ಮೆತ್ತಿದ್ದರೆ ಬದಲಿಸಿ, ಜೋಡಿಯಾಗಿಯೇ.

ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್–ಶಾಕ್ ಸೆಟ್) ಹಾಕಿದವರಿಗೆ ಇನ್ನೊಂದು ಮಾತು. ಟಾರ್ಷನ್ ಬೀಮ್ ಕಾರಿನಲ್ಲಿ ಎತ್ತರ ಹೊಂದಿಸುವ ತಿರುಪಿನ ಬಟ್ಟಲು ಸ್ಪ್ರಿಂಗಿನ ಕಡೆ ಬರುತ್ತದೆ, ಶಾಕ್ ಕಡೆಯಲ್ಲ. ಅದರ ಲಾಕ್ ಉಂಗುರ ಸಡಿಲವಾದರೆ ಗಡಗಡ ಎನ್ನುತ್ತದೆ. ಮಳೆಗಾಲದ ಕೆಸರು ತಿರುಪಿಗೆ ಮೆತ್ತಿದ್ದರೆ ನೈಲಾನ್ ಬ್ರಶ್ಶಿನಿಂದ ತೊಳೆದು ಒಣಗಿಸಿದ ಮೇಲೇ ಉಂಗುರ ಬಿಗಿಯಿರಿ. ಕೆಸರಿನ ಮೇಲೆ ಬಿಗಿದ ಉಂಗುರ ವಾರದಲ್ಲಿ ಮತ್ತೆ ಸಡಿಲ.

ಕಿರ್ರ್ ಎನ್ನುವ ಬುಶ್

ಬೀಮಿನ ಮುಂದಿನ ಬುಶ್ ರಬ್ಬರು ಒಳಗಿನ ಕಬ್ಬಿಣದ ಕೊಳವೆಗೂ ಹೊರಗಿನ ಕವಚಕ್ಕೂ ಅಂಟಿಕೊಂಡಿರುತ್ತದೆ. ಚಕ್ರ ಏರಿಳಿಯುವಾಗ ರಬ್ಬರು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಆದ್ದರಿಂದ ಬೋಲ್ಟನ್ನು ಯಾವ ಎತ್ತರದಲ್ಲಿ ಬಿಗಿಯುತ್ತೀರೋ ಅದೇ ಆ ರಬ್ಬರಿನ ವಿಶ್ರಾಂತಿಯ ಸ್ಥಿತಿ. ಬೀಮಿನ ತೋಳು 420 ಮಿ.ಮೀ. ಎನ್ನಿ, ಚಕ್ರ ಕೂತ ಎತ್ತರಕ್ಕಿಂತ 90 ಮಿ.ಮೀ. ಕೆಳಗೆ ನೇತಾಡುವಾಗ ಬಿಗಿದರೆ, ಕಾರು ಇಳಿಸಿದ ಕ್ಷಣದಿಂದಲೇ ಬುಶ್ ಸುಮಾರು 12 ಡಿಗ್ರಿ ತಿರುಚಿ ನಿಲ್ಲುತ್ತದೆ. ಬೋಲ್ಟ್ ಮುಟ್ಟದೆ ಬರೀ ಸ್ಪ್ರಿಂಗ್ ಬದಲಿಸಿ 40 ಮಿ.ಮೀ. ಇಳಿಸಿದರೂ 5 ಡಿಗ್ರಿಗಿಂತ ಹೆಚ್ಚೇ. ಹಗಲಿರುಳು ಹಾಗೆ ತಿರುಚಿಕೊಂಡ ರಬ್ಬರು ಕಿರುಗುಟ್ಟುತ್ತದೆ, ಕೊನೆಗೆ ಸೀಳುತ್ತದೆ.

ಯಾವ ಬುಶ್ ಎಂದು ತಿಳಿಯಲು ನೀರು ಸಾಕು. ಒಂದೊಂದಕ್ಕೇ ನೀರು ಚಿಮುಕಿಸಿ ಕಾರನ್ನು ಒತ್ತಿ. ಯಾವುದಕ್ಕೆ ನೀರು ಬಿದ್ದಾಗ ಸದ್ದು ಅಡಗಿತೋ ಅದೇ ಕಳ್ಳ. ಇಂಜಿನ್ ಆಯಿಲ್, ಸಾಮಾನ್ಯ ಗ್ರೀಸ್ ಹಚ್ಚಬೇಡಿ, ರಬ್ಬರು ಉಬ್ಬಿ ಮೆತ್ತಗಾಗುತ್ತದೆ.

ಸರಿಪಡಿಸುವುದು ಹೀಗೆ: ಕಾರು ಬಾಡಿಯ ಸ್ಟ್ಯಾಂಡುಗಳ ಮೇಲಿರುವಾಗ ಬೀಮಿನ ಎರಡೂ ಬದಿ, ಚಕ್ರದ ಹಬ್ ಕೆಳಗೆ, ಜಾಕ್ ಕೊಟ್ಟು ಮೆಲ್ಲಗೆ ಎತ್ತಿ. ಮೊದಲೇ ಬರೆದಿಟ್ಟ ಹಬ್–ಫೆಂಡರ್ ಅಂತರ ಬರುವಲ್ಲಿ ನಿಲ್ಲಿಸಿ. ಬಾಡಿ ಸ್ಟ್ಯಾಂಡಿನಿಂದ ಮೇಲೇಳುತ್ತಿಲ್ಲ ಎಂದು ನೋಡಿಕೊಳ್ಳಿ. ಈಗ ಬುಶ್ ಬೋಲ್ಟನ್ನು ಪೂರ್ತಿ ಸಡಿಲಿಸಿ, ಒಂದು ಕ್ಷಣ ಬಿಟ್ಟು, ಆ ಕಾರಿನ ಸರ್ವಿಸ್ ಪುಸ್ತಕದ ಟಾರ್ಕಿಗೆ ಬಿಗಿಯಿರಿ. ಶಾಕ್‌ನ ಕೆಳಗಿನ ಬೋಲ್ಟಿಗೂ ಇದೇ ಕ್ರಮ. ಲಿಫ್ಟ್ ಇರುವ ಗ್ಯಾರೇಜಿನಲ್ಲಿ ಇದು ಅರ್ಧ ಗಂಟೆಯ ಕೆಲಸ, ಆದರೂ ಹೇಳದೆ ಯಾರೂ ಮಾಡುವುದಿಲ್ಲ. ಪಾಲಿಯುರಿಥೇನ್ ಬುಶ್ ಬೇರೆ ಜಾತಿ, ಅದು ಜಾರಿಯೇ ಕೆಲಸ ಮಾಡಬೇಕು. ಬಿಚ್ಚಿ ಸಿಲಿಕೋನ್ ಗ್ರೀಸ್ ಹಚ್ಚದಿದ್ದರೆ ಕಿರುಗುಟ್ಟುವುದು ಅದರ ಸ್ವಭಾವ.

ಆಕ್ಟೇವಿಯಾದ ಕೆಲವು ಮಾದರಿ, ಸಿವಿಕ್‌ನಂಥ ಮಲ್ಟಿಲಿಂಕ್ (ಒಂದೇ ತೊಲೆಯ ಬದಲು ಪ್ರತಿ ಚಕ್ರಕ್ಕೂ ಹಲವು ಬಿಡಿ ತೋಳುಗಳಿರುವ) ಕಾರುಗಳಲ್ಲಿ ಬುಶ್‌ಗಳ ಸಂಖ್ಯೆ ಹಲವು ಪಟ್ಟು, ಲಿಂಕ್ ರಾಡೂ ಇರುತ್ತದೆ. ಕ್ರಮ ಮಾತ್ರ ಇದೇ. ಅಲ್ಲಿ ಕೆಲಸದ ನಂತರ ವೀಲ್ ಅಲೈನ್‌ಮೆಂಟ್ ಕಡ್ಡಾಯ.

ಇನ್ನೂ ಸಿಗದಿದ್ದರೆ

ಬಾಡಿ ಇಳಿದಾಗ ಬೀಮ್‌ಗೂ ಬಾಡಿಗೆ ನೇತುಬಿದ್ದ ವಸ್ತುಗಳಿಗೂ ನಡುವಿನ ಜಾಗ ಕಿರಿದಾಗಿರುತ್ತದೆ. ಸೈಲೆನ್ಸರ್ ಪೈಪು, ಹ್ಯಾಂಡ್ ಬ್ರೇಕ್ ಕೇಬಲ್, ಬ್ರೇಕ್ ಪೈಪು, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ತಂತಿ ಇವುಗಳ ಮೇಲೆ ಅನುಮಾನದ ಜಾಗದಲ್ಲೆಲ್ಲ ಕಾಗದದ ಟೇಪು ಸುತ್ತಿ ನಾಲ್ಕು ಕಿ.ಮೀ. ಓಡಿಸಿ. ಟೇಪು ಎಲ್ಲಿ ಹರಿದಿದೆಯೋ ಅಲ್ಲಿ ತಾಗುತ್ತಿದೆ. ಸೈಲೆನ್ಸರ್ ನೇತುಹಾಕುವ ರಬ್ಬರು ಜೋತುಬಿದ್ದಿದ್ದರೆ ಹೊಸದು ಹಾಕಿ. ಬ್ರೇಕ್ ಪೈಪು ಉಜ್ಜಿದ ಗುರುತಿದ್ದರೆ ಆ ಕಾರು ಅವತ್ತೇ ರಸ್ತೆಯಿಂದ ಹೊರಗೆ.

ಟೈರು ಉಜ್ಜುವುದಕ್ಕೆ ಫೆಂಡರ್ ಒಳಗಿನ ಅಂಚಿಗೆ ಸೀಮೆಸುಣ್ಣದಿಂದ ದಪ್ಪ ಗೆರೆ ಎಳೆದು ಓಡಿಸಿ. ಅಳಿಸಿದ ಕಡೆ ಗೊತ್ತಾಗುತ್ತದೆ. ಅಗಲದ ಅಲಾಯ್ ಜೊತೆಗೆ ಇಳಿಸಿದವರಿಗೆ ಇದು ಸಾಮಾನ್ಯ. ಫೆಂಡರ್ ಮಡಚುವುದಕ್ಕಿಂತ 10 ಮಿ.ಮೀ. ಮೇಲೆತ್ತುವುದು ಜಾಣತನ.

ಗುಂಯ್‌ಗುಡುವಿಕೆ ಇದ್ದರೆ ಹಿಂದಿನ ಟೈರನ್ನು ಅಂಗೈಯಲ್ಲಿ ಸುತ್ತಲೂ ಸವರಿ. ಅಲೆಅಲೆಯಾಗಿ ಸವೆದಿದ್ದರೆ ಅದು ಶಾಕ್ ಹಿಡಿತ ತಪ್ಪಿದ್ದರ ಫಲ. ಆ ಟೈರನ್ನು ಮುಂದಕ್ಕೆ ಹಾಕಿ ನೋಡಿ. ಸದ್ದೂ ಮುಂದೆ ಬಂದರೆ ಬೇರಿಂಗ್ ನಿರಪರಾಧಿ.

ಕೆಲಸ ಮುಗಿದು 100 ಕಿ.ಮೀ. ಓಡಿದ ಮೇಲೆ ಬಿಚ್ಚಿದ ಪ್ರತಿ ಬೋಲ್ಟನ್ನೂ ಮತ್ತೆ ಟಾರ್ಕ್ ರೆಂಚಿನಲ್ಲಿ ನೋಡಿ. ಹಬ್–ಫೆಂಡರ್ ಅಂತರವನ್ನು ಮತ್ತೆ ಅಳೆದು, ಎರಡೂ ಬದಿಯ ಅಂಕಿಯನ್ನು ತಾರೀಖಿನ ಸಮೇತ ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ. ಹೊಸ ಸ್ಪ್ರಿಂಗ್ ಮೊದಲ ವಾರಗಳಲ್ಲಿ ಎರಡೂ ಬದಿ ಸಮನಾಗಿ ಕೆಲವು ಮಿ.ಮೀ. ಕೂರುವುದು ಸಹಜ. ಆಮೇಲೊಂದು ದಿನ ಒಂದೇ ಬದಿ ಇಳಿದಿದ್ದರೆ ಸ್ಪ್ರಿಂಗಿನ ಕೆಳಗಿನ ಸುತ್ತಿನಲ್ಲಿ, ರಬ್ಬರ್ ಸೀಟಿನ ಮರೆಯಲ್ಲಿ, ಬಿರುಕು ಹುಡುಕಿ.